ನಾಯಿಮರಿ ಮನೆಯೊಳಗೆ ಉಚ್ಚೆ ಮಾಡುವುದನ್ನು ಬಿಡಿಸುವುದು: ಮೊದಲ ದಿನದಿಂದ ಆರನೇ ತಿಂಗಳವರೆಗೆ

ಮರಿ ತಂದವರು ಸಾಮಾನ್ಯವಾಗಿ ಮೂರನೇ ವಾರಕ್ಕೆ ಫೋನ್ ಮಾಡುತ್ತಾರೆ. "ಹೊರಗೆ ಅರ್ಧ ಗಂಟೆ ನಿಲ್ಲಿಸ್ತೀನಿ, ಏನೂ ಮಾಡಲ್ಲ. ಒಳಗೆ ಬಂದ ಎರಡೇ ನಿಮಿಷಕ್ಕೆ ದಿವಾನದ ಹಿಂದೆ ಹೋಗಿ ಮಾಡಿಬಿಡ್ತದೆ." ನಾನು ಎರಡು ಪ್ರಶ್ನೆ ಕೇಳುತ್ತೇನೆ. ಮರಿ ಮನೆ ತುಂಬ ಓಡಾಡಿಕೊಂಡಿದೆಯಾ? ಹೌದು. ಒಳಗೆ ಮಾಡಿದಾಗ ಬೈದಿರಾ? ಹೌದು. ತೊಂದರೆ ಇರುವುದು ಈ ಎರಡರಲ್ಲೇ. ಮರಿಯ ತಳಿಯಲ್ಲೂ ಅಲ್ಲ, ಅದರ ಹಟದಲ್ಲೂ ಅಲ್ಲ.

ಈ ಕೆಲಸದಲ್ಲಿ ಹೆಜ್ಜೆಗಳ ಕ್ರಮವೇ ಮುಖ್ಯ. ಮೊದಲು ಜಾಗ ಕಿರಿದು ಮಾಡಬೇಕು, ಆಮೇಲೆ ಹೊತ್ತು ಗೊತ್ತು ಮಾಡಬೇಕು, ಆಮೇಲೆ ಮಾತು ಕಲಿಸಬೇಕು, ಕಟ್ಟಕಡೆಗೆ ಒಂದೊಂದೇ ಕೋಣೆ ಬಿಟ್ಟುಕೊಡಬೇಕು. ಬಹಳಷ್ಟು ಮನೆಗಳಲ್ಲಿ ಕಟ್ಟಕಡೆಯದನ್ನೇ ಮೊದಲ ದಿನ ಕೊಟ್ಟುಬಿಟ್ಟಿರುತ್ತಾರೆ. ಊರಮನೆಯಲ್ಲಿ ನಾಯಿ ಅಂಗಳದಲ್ಲೇ ಬೆಳೆಯುತ್ತಿತ್ತು, ಹಿತ್ತಿಲಿಗೆ ತಾನೇ ಹೋಗಿ ಬರುತ್ತಿತ್ತು. ಕಲಿಸುವ ಪ್ರಶ್ನೆಯೇ ಇರಲಿಲ್ಲ. ಆ ಅನುಭವ ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಕೆಳಗಿನದೆಲ್ಲ ಫ್ಲ್ಯಾಟನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಅಂಗಳವಿದ್ದವರಿಗೆ ಕೆಲಸ ಅರ್ಧ ಸಲೀಸು, ಕ್ರಮ ಮಾತ್ರ ಅದೇ.

## ಮರಿ ಬರುವ ಮುನ್ನ

ಎಂಟು ವಾರ ತುಂಬದ ಮರಿಯನ್ನು ತರಬೇಡಿ. ನಾಯಿ ಸಾಕಣೆ ಮತ್ತು ಮಾರಾಟದ ಬಗ್ಗೆ ಕೇಂದ್ರ ಸರ್ಕಾರ 2017ರಲ್ಲಿ ಮಾಡಿದ ನಿಯಮಗಳ ಪ್ರಕಾರ ಅದಕ್ಕಿಂತ ಚಿಕ್ಕ ಮರಿಯನ್ನು ಮಾರುವಂತಿಲ್ಲ. ನಿಯಮದ ಮಾತು ಒಂದು ಕಡೆ ಇರಲಿ, ಮಲಗುವ ಜಾಗ ಗಲೀಜು ಮಾಡಬಾರದು ಎಂಬುದನ್ನು ಮರಿ ತಾಯಿಯ ಹತ್ತಿರವೇ ರೂಢಿ ಮಾಡಿಕೊಳ್ಳುತ್ತದೆ. ಅಂಗಡಿಯ ಪಂಜರದಲ್ಲಿ ತನ್ನ ಗಲೀಜಿನ ಮೇಲೆಯೇ ಮಲಗಿ ಬೆಳೆದ ಮರಿಗೆ ಆ ಹೇಸಿಗೆ ಹೊರಟುಹೋಗಿರುತ್ತದೆ. ಅಂಥ ಮರಿಗೂ ಕಲಿಸಬಹುದು, ಆದರೆ ಇಲ್ಲಿ ಹೇಳಿದ ಹೊತ್ತಿನ ಎರಡರಷ್ಟು ಇಟ್ಟುಕೊಳ್ಳಿ.

ಬೇಕಾದ ಸಾಮಾನು ಹೆಚ್ಚಿಲ್ಲ:

- ಮರಿ ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟೇ ದೊಡ್ಡದಾದ ಒಂದು ಕ್ರೇಟ್, ಅಂದರೆ ಬಾಗಿಲಿರುವ ಗೂಡು. ದೊಡ್ಡದು ತಂದರೆ ಒಂದು ಮೂಲೆಯಲ್ಲಿ ಮಲಗಿ ಇನ್ನೊಂದು ಮೂಲೆಯನ್ನು ಪಾಯಿಖಾನೆ ಮಾಡಿಕೊಳ್ಳುತ್ತದೆ. ಮುಂದೆ ಬೆಳೆಯುತ್ತದೆ ಎಂದು ದೊಡ್ಡದೇ ತಂದಿದ್ದರೆ ನಡುವೆ ರಟ್ಟು ಅಥವಾ ಪ್ಲೈವುಡ್ ಅಡ್ಡ ಇಡಿ.
- ಕ್ರೇಟಿನ ಸುತ್ತ ನಾಲ್ಕಡಿಗೆ ನಾಲ್ಕಡಿ ಜಾಗ ಬಳಸಿ ನಿಲ್ಲುವ ಜಾಲರಿ ಬೇಲಿ. ಅಡುಗೆಮನೆ ಬಾಗಿಲಿಗೆ ಅಡ್ಡ ಇಡುವ ಹಲಗೆಯೂ ಸಾಕು.
- ಹಗುರ ಕೊರಳಪಟ್ಟಿ, ಆರಡಿ ಉದ್ದದ ಲೀಶ್.
- ಬಾಲ್ಕನಿಗೆ ಒಂದು ಅಗಲ ಟ್ರೇ, ಅದರಲ್ಲಿ ನರ್ಸರಿಯಿಂದ ತಂದ ಮಣ್ಣುಸಹಿತ ಲಾನ್ ಹುಲ್ಲಿನ ತುಂಡು. ಎರಡು ಮೂರು ವಾರಕ್ಕೊಮ್ಮೆ ಬದಲಾಯಿಸಬೇಕು.
- ಉಚ್ಚೆಯ ನಾತದ ಅಂಶವನ್ನೇ ಒಡೆಯುವ ಎನ್‌ಜೈಮ್ ಇರುವ ಪೆಟ್ ಕ್ಲೀನರ್. ಇದಕ್ಕೆ ಮುಂದೆ ಬರುತ್ತೇನೆ.
- ಬೇಯಿಸಿದ ಕೋಳಿ, ಪನೀರ್ ಅಥವಾ ಮೊಟ್ಟೆಯ ಬಟಾಣಿಯಷ್ಟು ಚೂರುಗಳು ತುಂಬಿದ ಸಣ್ಣ ಡಬ್ಬಿ, ಬಾಗಿಲ ಪಕ್ಕ ಕೈಗೆ ಸಿಗುವಂತೆ. ಸಸ್ಯಾಹಾರಿ ಮನೆಯಲ್ಲಿ ಪನೀರೇ ಸಾಕು, ಮರಿ ತಕರಾರು ಮಾಡುವುದಿಲ್ಲ.
- ಒಂದು ನೋಟುಪುಸ್ತಕ.

ಇನ್ನೊಂದು ಸಿದ್ಧತೆಗೆ ದುಡ್ಡು ಬೇಡ, ಆದರೆ ಬಹುತೇಕ ಮನೆಗಳಲ್ಲಿ ಆಗುವುದೇ ಇಲ್ಲ. ಎಲ್ಲರೂ ಕೂತು ಒಂದು ಜಾಗ, ಒಂದು ಪದ ತೀರ್ಮಾನಿಸಿ. ಅಜ್ಜಿ "ಉಚ್ಚೆ ಮಾಡು", ಅಪ್ಪ "ನಡಿ ನಡಿ", ಮಗಳು "ಪಾಟಿ ಪಾಟಿ" ಅಂದರೆ ಮರಿಗೆ ಅದೆಲ್ಲ ಬರೀ ಗದ್ದಲ. ನಮ್ಮ ಮನೆಯ ಪದ "ಬೇಗ ಮಾಡು". ನಾಲ್ಕು ಜನರ ಮುಂದೆ ಹೇಳಲೂ ಮುಜುಗರವಿಲ್ಲ.

## ಹಂತ 1: ಬಾಗಿಲಿನಿಂದ ನೇರ ಅದರ ಜಾಗಕ್ಕೆ

ಮರಿ ಮನೆಗೆ ಬಂದ ಕೂಡಲೇ ಆರತಿ, ಫೋಟೊ, ಪಕ್ಕದ ಮನೆ ಮಕ್ಕಳ ಮೆರವಣಿಗೆ ಎಲ್ಲ ನಡೆಯುತ್ತದೆ. ಅಷ್ಟರಲ್ಲಿ ಅದು ಹಾಲ್‌ನ ನಡುವೆ ಕೂತು ಮಾಡಿಯಾಗಿರುತ್ತದೆ. ಅದರ ಮಟ್ಟಿಗೆ ಶೌಚದ ಜಾಗ ಅಲ್ಲಿಗೆ ಗೊತ್ತಾಯಿತು.

ಕಾರಿನಿಂದ ಇಳಿಸಿ ಎತ್ತಿಕೊಂಡೇ ನೇರ ಬಾಲ್ಕನಿಯ ಟ್ರೇಗೆ ಬನ್ನಿ. ಸ್ವಂತ ಅಂಗಳವಿದ್ದರೆ ಅಲ್ಲಿ ನೀವು ಗೊತ್ತು ಮಾಡಿದ ಮೂಲೆಗೆ. ಇಳಿಸಿ, ಸುಮ್ಮನೆ ನಿಲ್ಲಿ, ಮಾತಾಡಿಸಬೇಡಿ. ಐದು ಹತ್ತು ನಿಮಿಷ ಹಿಡಿಯಬಹುದು. ಮಾಡಿದ ಮೇಲೆ ಒಳಗೆ ಕರೆದುಕೊಂಡು ಹೋಗಿ, ಆಗ ಆರತಿ ಮಾಡಿ.

ಬೀದಿಗೆ ಇಳಿಸುವುದು ಇನ್ನೂ ಬೇಡ. ಲಸಿಕೆಯ ಸರಣಿ ಮುಗಿಯದ ಮರಿಗೆ ಬೀದಿಯ ಮಣ್ಣಿನಿಂದ ಪಾರ್ವೊ ಎಂಬ ಮಾರಕ ಭೇದಿ ರೋಗ ತಗಲಬಹುದು, ಅದರ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಹಾಗಾಗಿಯೇ ಮೊದಲ ಎರಡು ತಿಂಗಳ ಮಟ್ಟಿಗೆ ಬಾಲ್ಕನಿ, ಬೇರೆ ನಾಯಿಗಳು ಬಾರದ ತಾರಸಿ, ಇಲ್ಲವೇ ಸ್ವಂತ ಅಂಗಳ.

ಹಳೆಯ ಪೇಪರ್ ಹಾಸುವ ರೂಢಿ ಇದೆ. ನಾನೂ ಹಾಗೇ ಶುರು ಮಾಡಿದ್ದು. ಚುಕ್ಕಿ, ನಮ್ಮ ನಾಟಿ ಹೆಣ್ಣುಮರಿ, ವಾರದಲ್ಲೇ ಪಾಠ ಕಲಿತಳು. ಎಂಟನೇ ದಿನ ನಮ್ಮಪ್ಪ ಓದುತ್ತ ನೆಲಕ್ಕಿಟ್ಟಿದ್ದ ಅಂದಿನ ಪೇಪರಿನ ಮೇಲೆ ಅಷ್ಟೇ ಶ್ರದ್ಧೆಯಿಂದ ಮಾಡಿದಳು. ತಪ್ಪು ಅವಳದಲ್ಲ. ಮರಿ ಕಲಿಯುವುದು ಕೋಣೆಯನ್ನಲ್ಲ, ಕಾಲಡಿಯ ಸ್ಪರ್ಶವನ್ನು. ಪೇಪರಿನ ಮೇಲೆ ಕಲಿತದ್ದು ಪೇಪರನ್ನು ಹುಡುಕುತ್ತದೆ, ಬಟ್ಟೆಯ ಮೇಲೆ ಕಲಿತದ್ದು ಕಾಲೊರಸು, ಚಾಪೆ, ಹಾಸಿಗೆ ಹುಡುಕುತ್ತದೆ. ಹುಲ್ಲಿನ ಮೇಲೆ ಕಲಿತದ್ದನ್ನು ಮುಂದೆ ಹೊರಗೆ ಇಳಿಸುವುದು ಎಷ್ಟೋ ಸಲೀಸು. ಮೊದಲ ತಿಂಗಳು ಕಾಲೊರಸುಗಳನ್ನು, ಬಾತ್‌ರೂಮಿನ ಮ್ಯಾಟುಗಳನ್ನು ಎತ್ತಿಡಿ.

## ಹಂತ 2: ಗಡಿಯಾರ ನೋಡುವುದು ನಿಮ್ಮ ಕೆಲಸ

ಮರಿ ಹಗಲಿನಲ್ಲಿ ಎಷ್ಟು ಹೊತ್ತು ತಡೆದುಕೊಳ್ಳಬಲ್ಲದು ಎಂಬುದಕ್ಕೆ ಒಂದು ಅಂದಾಜು ಲೆಕ್ಕವಿದೆ: ವಯಸ್ಸಿನ ತಿಂಗಳಿಗೆ ಒಂದು ಕೂಡಿಸಿದರೆ ಬರುವಷ್ಟು ಗಂಟೆ. ಎರಡು ತಿಂಗಳದ್ದಕ್ಕೆ ಮೂರು ಗಂಟೆ. ಆದರೆ ಅದು ಸುಮ್ಮನೆ ಮಲಗಿರುವಾಗಿನ ಗರಿಷ್ಠ ಮಿತಿ. ಎದ್ದು ಕುಣಿಯುತ್ತಿರುವ ಎರಡು ತಿಂಗಳ ಮರಿಗೆ ಅರ್ಧ ಗಂಟೆ ಮುಕ್ಕಾಲು ಗಂಟೆಗೊಮ್ಮೆ ಬರುತ್ತದೆ. "ಈಗ ತಾನೇ ಮಾಡಿಸಿದ್ದೆ" ಎನ್ನುವವರು ಈ ವ್ಯತ್ಯಾಸ ಮರೆತಿರುತ್ತಾರೆ.

ಕೇಳದೇ, ಕಾಯದೇ, ಕರೆದುಕೊಂಡೇ ಹೋಗಬೇಕಾದ ಹೊತ್ತುಗಳು ಇವು:

1. ನಿದ್ದೆಯಿಂದ ಎದ್ದ ತಕ್ಷಣ. ಹಗಲಿನ ಹತ್ತು ನಿಮಿಷದ ಜೊಂಪಾದರೂ ಸರಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ನಡೆಯುವಾಗ ನಾಲ್ಕನೇ ಹೆಜ್ಜೆಗೆ ಕೂತುಬಿಡುತ್ತದೆ.
2. ಊಟ ಮುಗಿದ ಐದರಿಂದ ಮೂವತ್ತು ನಿಮಿಷದೊಳಗೆ. ಹೊಟ್ಟೆ ತುಂಬಿದಾಗ ಕರುಳು ಕದಲುವುದು ದೇಹಧರ್ಮ.
3. ನೀರು ಕುಡಿದ ಹತ್ತು ಹದಿನೈದು ನಿಮಿಷಕ್ಕೆ.
4. ಆಟದ ನಡುವೆ, ಆಟ ಮುಗಿದ ಮೇಲೆ. ಈ "ನಡುವೆ"ಯನ್ನು ಬಿಟ್ಟವರೇ ಹೆಚ್ಚು.
5. ನೆಂಟರು ಬಂದು ಗಲಾಟೆಯಾದ ಮೇಲೆ.
6. ಕ್ರೇಟಿಗೆ ಹಾಕುವ ಮುನ್ನ, ತೆಗೆದ ಕೂಡಲೇ.

ಲೆಕ್ಕ ಹಾಕಿದರೆ ದಿನಕ್ಕೆ ಹನ್ನೆರಡರಿಂದ ಹದಿನೈದು ಸಲ ಆಗುತ್ತದೆ. ಮೊದಲ ಎರಡು ವಾರ ಮನೆಯಲ್ಲಿ ಒಬ್ಬರಿಗೆ ಇದೇ ಕೆಲಸ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಹೊರಟು ಸಂಜೆ ಏಳಕ್ಕೆ ಬರುವ ಮನೆಯಾದರೆ ಮರಿ ತರುವುದನ್ನು ರಜೆ ಸಿಗುವವರೆಗೆ ಮುಂದೂಡಿ, ಇಲ್ಲವೇ ಬೆಳೆದ ನಾಯಿಯನ್ನು ದತ್ತು ತೆಗೆದುಕೊಳ್ಳಿ. ಖಾರವಾಗಿ ಕೇಳಿಸಬಹುದು, ಆದರೆ ಹನ್ನೊಂದು ಗಂಟೆ ಒಂಟಿಯಾಗಿ ಕೂಡಿಹಾಕಿದ ಎರಡು ತಿಂಗಳ ಮರಿ ಕಲಿಯುವುದು ಒಂದೇ: ಮಲಗಿದಲ್ಲೇ ಮಾಡುವುದು.

ಊಟದ ಹೊತ್ತು ನಿಗದಿಯಾದರೆ ಶೌಚದ ಹೊತ್ತು ಅದರ ಹಿಂದೆಯೇ ನಿಗದಿಯಾಗುತ್ತದೆ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ತಟ್ಟೆಯನ್ನು ಹದಿನೈದು ನಿಮಿಷ ಇಟ್ಟು, ಉಳಿದರೆ ಎತ್ತಿಬಿಡಿ. ದಿನವಿಡೀ ತುಂಬಿದ ತಟ್ಟೆ ಇಟ್ಟರೆ ದಿನವಿಡೀ ಒರೆಸುವ ಬಟ್ಟೆಯೂ ಕೈಯಲ್ಲೇ ಇರಬೇಕಾಗುತ್ತದೆ. ನೀರನ್ನು ಮಾತ್ರ ಹಗಲಿನಲ್ಲಿ ಎಂದೂ ಎತ್ತಿಡಬೇಡಿ, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಂತೂ ಖಂಡಿತ ಬೇಡ.

ಇಲ್ಲಿ ಹಾಲಿನ ವಿಷಯ ಹೇಳಲೇಬೇಕು. ಮರಿ ಎಂದರೆ ಹಾಲು-ಅನ್ನ ಎಂದು ನಮ್ಮ ಕೈಗೆ ಅಂಟಿಬಿಟ್ಟಿದೆ. ತಾಯಿಯ ಹಾಲು ಬಿಟ್ಟ ಎಷ್ಟೋ ಮರಿಗಳಿಗೆ ಹಸುವಿನ ಹಾಲು ಅರಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಚುಕ್ಕಿಗೆ ರಾತ್ರಿ ಎಂಟಕ್ಕೆ ಹಾಲು-ಅನ್ನ ಹಾಕುತ್ತಿದ್ದೆವು, ಒಂದು ಗಂಟೆಗೆ ಕ್ರೇಟು ಬಳಿದುಕೊಂಡಿರುತ್ತಿತ್ತು. ನಾಲ್ಕು ರಾತ್ರಿ ಅವಳಿಗೆ ಬುದ್ಧಿಯಿಲ್ಲ ಎಂದುಕೊಂಡೆವು. ಐದನೇ ದಿನ ಹಾಲು ನಿಲ್ಲಿಸಿದೆವು, ಏಳನೇ ರಾತ್ರಿಯಿಂದ ಕ್ರೇಟು ಒಣಗಿತ್ತು. ಹೊಟ್ಟೆ ಸರಿಯಿಲ್ಲದ ಮರಿಗೆ ಯಾವ ತರಬೇತಿಯೂ ಹತ್ತುವುದಿಲ್ಲ.

ನೋಟುಪುಸ್ತಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಊಟ, ನೀರು, ನಿದ್ದೆ, ಉಚ್ಚೆ, ಕಕ್ಕ, ತಪ್ಪು: ಗಂಟೆ ಹಾಕಿ ಬರೆಯಿರಿ, ಐದು ದಿನ ಸಾಕು. ನಮ್ಮ ಪುಸ್ತಕದಲ್ಲಿ ಸಂಜೆ 6:40, 6:55, 6:35, 6:50 ಎಂದು ನಾಲ್ಕು ದಿನದ ತಪ್ಪುಗಳು ಸಾಲಾಗಿ ಬಿದ್ದಿದ್ದವು. ಅದು ಮಗ ಆಟದಿಂದ ಬಂದು ಚುಕ್ಕಿಯ ಜೊತೆ ಹಗ್ಗ ಎಳೆಯುವ ಹೊತ್ತು. ಆರೂವರೆಗೆ ಒಮ್ಮೆ ಟ್ರೇಗೆ ಒಯ್ಯಲು ಶುರುಮಾಡಿದೆವು, ಆ ಸಾಲು ನಿಂತಿತು.

ಹೊತ್ತಲ್ಲದ ಹೊತ್ತಿನಲ್ಲಿ ಬಂದರೆ ಮರಿ ಸೂಚನೆ ಕೊಡುತ್ತದೆ: ಆಟ ಹಠಾತ್ತಾಗಿ ನಿಲ್ಲುತ್ತದೆ, ಮೂಗು ನೆಲಕ್ಕೆ ಹತ್ತುತ್ತದೆ, ಸುತ್ತು ಬರುತ್ತದೆ, ಹಿಂದೆ ಮಾಡಿದ ಜಾಗದ ಕಡೆ ಹೊರಡುತ್ತದೆ, ಅಥವಾ ಸೋಫಾದ ಮರೆಗೆ ಸರಿಯುತ್ತದೆ. ಮೂಗು ನೆಲಕ್ಕೆ ಹತ್ತಿದಾಗಿನಿಂದ ನಿಮಗಿರುವುದು ನಾಲ್ಕೈದು ಸೆಕೆಂಡು.

## ಹಂತ 3: ಮಾಡಿದ ಆ ಕ್ಷಣ

ಮರಿ ಕೂರುತ್ತಿರುವಾಗ ಮೆಲುದನಿಯಲ್ಲಿ ಒಂದೇ ಸಲ "ಬೇಗ ಮಾಡು" ಎನ್ನಿ. ಮಾಡುವಾಗ ಮಾತು ಬೇಡ. ಮಧ್ಯೆ "ಶಭಾಷ್" ಎಂದು ಕೂಗಿದರೆ ಅರ್ಧಕ್ಕೇ ನಿಲ್ಲಿಸಿ ನಿಮ್ಮ ಕಡೆ ಓಡಿ ಬರುತ್ತದೆ, ಉಳಿದರ್ಧ ಒಳಗೆ ಬಂದ ಮೇಲೆ.

ಮುಗಿಸಿ ಎದ್ದು ನಿಂತ ಎರಡು ಸೆಕೆಂಡಿನೊಳಗೆ ಪನೀರ್ ಚೂರು ಬಾಯಿಗೆ ಬೀಳಬೇಕು, ಅಲ್ಲೇ, ಆ ಜಾಗದಲ್ಲೇ. ಅಡುಗೆಮನೆಗೆ ಬಂದು ಫ್ರಿಜ್ ತೆಗೆದು ಕೊಟ್ಟರೆ ಮರಿ ಕಲಿಯುವುದು ಫ್ರಿಜ್ ಹತ್ತಿರ ಬಂದರೆ ಪನೀರ್ ಸಿಗುತ್ತದೆ ಎಂದು. ಡಬ್ಬಿ ಬಾಗಿಲ ಪಕ್ಕ ಇಡಿ ಎಂದದ್ದು ಇದಕ್ಕೇ.

ಆಮೇಲೆ ಕೂಡಲೇ ಒಳಗೆ ಎಳೆದುಕೊಂಡು ಬರಬೇಡಿ. ಮಾಡಿದ ಮೇಲೆ ಹೊರಗಿನ ಮಜಾ ಮುಗಿಯಿತು ಎಂದು ಗೊತ್ತಾದರೆ ಮರಿ ಮಾಡುವುದನ್ನೇ ಮುಂದೂಡುತ್ತದೆ. ಎರಡು ನಿಮಿಷ ಅಲ್ಲೇ ಆಡಿಸಿ.

ಹತ್ತು ನಿಮಿಷ ನಿಂತರೂ ಮಾಡದಿದ್ದರೆ ಒಳಗೆ ತಂದು ಕ್ರೇಟಿಗೆ ಹಾಕಿ ಅಥವಾ ಲೀಶನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಒಯ್ಯಿರಿ. "ಬರಲಿಲ್ಲ ಬಿಡು" ಎಂದು ಹಾಲ್‌ಗೆ ಬಿಡುವುದೇ ಆ ಎರಡು ನಿಮಿಷದ ದಿವಾನದ ಕತೆಯ ಮೂಲ.

## ಹಂತ 4: ರಾತ್ರಿ

ಮಲಗುವ ಒಂದು ಗಂಟೆ ಮುಂಚೆ ನೀರಿನ ಬಟ್ಟಲು ಎತ್ತಿ, ದೀಪ ಆರಿಸುವ ಮುನ್ನ ಒಮ್ಮೆ ಮಾಡಿಸಿ. ಕ್ರೇಟ್ ನಿಮ್ಮ ಮಂಚದ ಪಕ್ಕವೇ ಇರಲಿ. ಹಾಲ್‌ನಲ್ಲಿಟ್ಟರೆ ಕುಂಯ್‌ಗುಟ್ಟಿದ್ದು ಕೇಳುವುದಿಲ್ಲ, ಕೇಳುವ ಹೊತ್ತಿಗೆ ಮುಗಿದಿರುತ್ತದೆ.

ಎರಡು ತಿಂಗಳ ಮರಿಗೆ ರಾತ್ರಿ ಒಂದು ಅಥವಾ ಎರಡು ಸಲ ಏಳಬೇಕು. ಅದು ಅತ್ತು ಎಬ್ಬಿಸುವವರೆಗೆ ಕಾಯದೆ ನೀವೇ ಅಲಾರಂ ಇಟ್ಟುಕೊಳ್ಳಿ. ಎದ್ದಾಗ ದೊಡ್ಡ ದೀಪ ಹಾಕಬೇಡಿ, ಆಡಿಸಬೇಡಿ. ಮಾಡಿಸಿ, ಒಂದು ಚೂರು ಕೊಟ್ಟು, ವಾಪಸ್ ಕ್ರೇಟಿಗೆ. ರಾತ್ರಿ ಎದ್ದರೆ ಆಟ ಸಿಗುತ್ತದೆ ಎಂದು ಗೊತ್ತಾದರೆ ದಿನಾ ಎಬ್ಬಿಸುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಅಲಾರಮನ್ನು ಕಾಲು ಗಂಟೆ ಮುಂದಕ್ಕೆ ತಳ್ಳಿ. ನಾಲ್ಕು ತಿಂಗಳ ಹೊತ್ತಿಗೆ ಬಹಳಷ್ಟು ಮರಿಗಳು ಬೆಳಗಿನವರೆಗೆ ಮಲಗುತ್ತವೆ.

ಕ್ರೇಟು ಶಿಕ್ಷೆಯ ಜಾಗ ಆಗಕೂಡದು. ಊಟ ಅದರೊಳಗೇ ಕೊಡಿ, ಬಾಗಿಲು ತೆರೆದೇ ಇರಲಿ. ತಾನಾಗಿ ಹೋಗಿ ಮಲಗಲು ಶುರುಮಾಡಿದ ಮೇಲೆ ಒಂದೆರಡು ನಿಮಿಷದಿಂದ ಬಾಗಿಲು ಹಾಕುವುದನ್ನು ರೂಢಿಸಿ.

## ಹಂತ 5: ಒಳಗೆ ಮಾಡಿಬಿಟ್ಟಾಗ

ಮಾಡುವುದು ಕಣ್ಣಿಗೆ ಬಿದ್ದರೆ ಕೈ ತಟ್ಟಿ "ಏಯ್" ಎನ್ನಿ, ಹೆದರಿಸುವಷ್ಟು ಜೋರಾಗಿ ಅಲ್ಲ, ನಿಲ್ಲಿಸುವಷ್ಟು. ಎತ್ತಿಕೊಂಡು ಟ್ರೇಗೆ ಓಡಿ. ಅಲ್ಲಿ ಉಳಿದದ್ದನ್ನು ಮಾಡಿದರೆ ಚೂರು ಕೊಡಿ.

ಮಾಡಿ ಹೋದದ್ದು ಆಮೇಲೆ ಕಂಡರೆ ಏನೂ ಮಾಡಬೇಡಿ. ಒರೆಸಿ. ಮೂತಿ ಹಿಡಿದು ಉಚ್ಚೆಗೆ ತಿಕ್ಕಿಸುವುದು, ಪೇಪರ್ ಸುರುಳಿಯಿಂದ ಹೊಡೆಯುವುದು ಇವೆಲ್ಲ ತಲೆಮಾರುಗಳಿಂದ ಬಂದ ದಡ್ಡತನ. ಹತ್ತು ನಿಮಿಷದ ಹಿಂದಿನ ಕೆಲಸಕ್ಕೂ ಈಗ ಬಿದ್ದ ಏಟಿಗೂ ಮರಿ ಸಂಬಂಧ ಹಚ್ಚಲಾರದು. "ತಪ್ಪು ಮಾಡಿದೀನಿ ಅಂತ ಅದಕ್ಕೆ ಗೊತ್ತು ನೋಡಿ, ಬಾಲ ಮುದುರಿಕೊಂಡಿದೆ" ಎನ್ನುತ್ತಾರೆ. ಅದಕ್ಕೆ ಗೊತ್ತಿರುವುದು ನಿಮ್ಮ ಮುಖ ಕೆಂಪಾಗಿದೆ ಎಂಬುದಷ್ಟೇ. ಬೈಗುಳ ತಿಂದ ಮರಿ ಕಲಿಯುವ ಪಾಠವೇ ಬೇರೆ: ಈ ಮನುಷ್ಯರ ಎದುರಿಗೆ ಮಾಡಬಾರದು. ಅಲ್ಲಿಂದ ಮುಂದೆ ಹೊರಗೆ ಲೀಶಿನಲ್ಲಿ ನಿಮ್ಮೆದುರು ಮಾಡುವುದಿಲ್ಲ, ಒಳಗೆ ಬಂದು ನೀವು ನೋಡದ ಮೂಲೆ ಹುಡುಕುತ್ತದೆ. ಆರಂಭದಲ್ಲಿ ಹೇಳಿದ ಫೋನ್ ಕರೆಗಳಲ್ಲಿ ಹೆಚ್ಚಿನವು ಈ ಪಾಠ ಚೆನ್ನಾಗಿ ಕಲಿತ ಮರಿಗಳವು.

ಒರೆಸುವ ಕೆಲಸವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಾವು ಸಾಮಾನ್ಯವಾಗಿ ಮಾಪ್ ಎಳೆದು ಮೇಲೆ ಫಿನೈಲ್ ಹೊಡೆಯುತ್ತೇವೆ. ಫಿನೈಲ್ ನಮ್ಮ ಮೂಗಿಗೆ ವಾಸನೆ ಮುಚ್ಚುತ್ತದೆ, ನಾಯಿಯ ಮೂಗಿಗೆ ಅಡಿಯ ಗುರುತು ಹಾಗೇ ಇರುತ್ತದೆ. ಮೇಲಾಗಿ ಒದ್ದೆ ಫಿನೈಲ್ ಮೇಲೆ ನಡೆದ ಮರಿ ಪಾದ ನೆಕ್ಕಿಕೊಳ್ಳುತ್ತದೆ. ಅಮೋನಿಯಾ ಇರುವ ಕ್ಲೀನರ್ ಇನ್ನೂ ಕೆಟ್ಟದ್ದು, ಹಳೆಯ ಉಚ್ಚೆಯ ನಾತವೇ ಅಮೋನಿಯಾ, ಆದ್ದರಿಂದ ನೀವೇ ಅಲ್ಲಿ ಬೋರ್ಡು ಹಾಕಿದಂತೆ. ಬ್ಲೀಚನ್ನು ಉಚ್ಚೆಯ ಮೇಲೆ ನೇರ ಸುರಿದರೆ ಕಣ್ಣು ಮೂಗು ಉರಿಸುವ ಅನಿಲ ಏಳುತ್ತದೆ.

ಸರಿಯಾದ ಕ್ರಮ ಹೀಗೆ. ಮೊದಲು ಒಣ ಬಟ್ಟೆ ಅಥವಾ ಪೇಪರ್ ಒತ್ತಿ ಪೂರ್ತಿ ಹೀರಿಸಿ, ಉಜ್ಜಬೇಡಿ. ಬರೀ ನೀರಿನಿಂದ ಒಮ್ಮೆ ಒರೆಸಿ. ಆಮೇಲೆ ಎನ್‌ಜೈಮ್ ಕ್ಲೀನರ್ ಕಲೆಗಿಂತ ಅಗಲಕ್ಕೆ ಹಾಕಿ, ಬಾಟಲಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಹಾಕಿದ ಕೂಡಲೇ ಒರೆಸಿಬಿಟ್ಟರೆ ಅದು ಕೆಲಸ ಮಾಡಲು ಹೊತ್ತೇ ಸಿಗುವುದಿಲ್ಲ. ಕ್ಲೀನರ್ ಸಿಗದಿದ್ದರೆ ಸಮಪಾಲು ಬಿಳಿ ವಿನೆಗರ್ ಮತ್ತು ನೀರು ತಕ್ಕಮಟ್ಟಿಗೆ ನಡೆಯುತ್ತದೆ. ಆದರೆ ಶಹಾಬಾದ್ ಕಲ್ಲು, ಕಡಪ, ಮಾರ್ಬಲ್ ನೆಲಕ್ಕೆ ವಿನೆಗರ್ ಬೇಡ. ಸುಣ್ಣದಂಶದ ಕಲ್ಲು, ಹೊಳಪು ತಿಂದುಹಾಕುತ್ತದೆ.

ಒಂದೇ ಜಾಗಕ್ಕೆ ಪದೇ ಪದೇ ಹೋಗುತ್ತಿದ್ದರೆ ರಾತ್ರಿ ದೀಪ ಆರಿಸಿ ಯುವಿ ಟಾರ್ಚ್ ಹಿಡಿದು ನೋಡಿ, ಉಚ್ಚೆಯ ಕಲೆ ಮಂಕಾಗಿ ಹೊಳೆಯುತ್ತದೆ. ನಾನು ಮಂಡಿಯೂರಿ ದಿವಾನದ ಕೆಳಗೆ ಹಿಡಿದಾಗ, ನಾವು ವಾರದಿಂದ ತಿಕ್ಕುತ್ತಿದ್ದ ಟೈಲ್ಸ್ ಫಳಫಳ ಚೊಕ್ಕಟವಾಗಿತ್ತು. ಹೊಳೆದದ್ದು ಟೈಲ್ಸ್‌ಗಳ ನಡುವಿನ ಸಿಮೆಂಟಿನ ಗೆರೆ, ಮತ್ತು ದಿವಾನದ ಹಿಂಗಾಲಿನ ಬುಡ. ಮರಕ್ಕೆ ಇಳಿದಿತ್ತು. ಆ ಎರಡಕ್ಕೂ ಕ್ಲೀನರ್ ಹಾಕಿದ ಮೇಲೇ ಅವಳು ಆ ಮೂಲೆ ಬಿಟ್ಟದ್ದು.

## ಹಂತ 6: ಬಾಲ್ಕನಿಯಿಂದ ಬೀದಿಗೆ

ಲಸಿಕೆಯ ಸರಣಿ ಮುಗಿದು ಪಶುವೈದ್ಯರು ಹೂಂ ಎಂದ ಮೇಲೆ ಹೊರಗೆ ಕರೆದೊಯ್ಯುವ ಸರದಿ. ಬಾಲ್ಕನಿಯಲ್ಲಿ ಪಾಸಾದ ಮರಿ ಇಲ್ಲಿ ಮತ್ತೆ ಒಂದನೇ ಕ್ಲಾಸು. ಬೇಸರ ಬೇಡ.

ಮೊದಲ ಒಂದೆರಡು ದಿನ ಟ್ರೇಯ ಉಚ್ಚೆ ತಗುಲಿದ ಹುಲ್ಲನ್ನು ಹೊರಗಿನ ಜಾಗದಲ್ಲಿ ಹಾಕಿ, ಮಾಡಿದ ಮೇಲೆ ಎತ್ತಿಕೊಂಡು ಬನ್ನಿ. ಅದೇ ಪದ, ಅದೇ ಪನೀರ್. ಬೆಳಗಿನ ಮೊದಲನೆಯದನ್ನು ಹೊರಗೆ ಮಾಡಿಸಿ, ಉಳಿದವಕ್ಕೆ ಟ್ರೇ ಇರಲಿ. ವಾರಕ್ಕೊಂದು ಹೊತ್ತನ್ನು ಹೊರಗೆ ದಾಟಿಸುತ್ತ ಹೋಗಿ.

ಲಿಫ್ಟು ದೊಡ್ಡ ಶತ್ರು. ಮೂರನೇ ಮಹಡಿಯಲ್ಲಿ ಲಿಫ್ಟಿಗೆ ಕಾಯುವಾಗ ಚುಕ್ಕಿ ಎದುರುಮನೆಯ ರಂಗೋಲಿಯ ಮೇಲೆ ಮಾಡಿ, ಆ ಮನೆಯವರ ಜೊತೆ ನಾವು ಒಂದು ತಿಂಗಳು ಕಣ್ಣು ಕೂಡಿಸಲಿಲ್ಲ. ನಾಲ್ಕೂವರೆ ತಿಂಗಳವರೆಗೂ ಬಾಗಿಲಿನಿಂದ ಹುಲ್ಲಿನವರೆಗೆ ಎತ್ತಿಕೊಂಡೇ ಹೋಗಿ. ಎತ್ತಲಾರದಷ್ಟು ದೊಡ್ಡ ತಳಿಯಾದರೆ ಮೆಟ್ಟಿಲ ಬಳಿ ನಿಲ್ಲದೆ ಸರಸರ ನಡೆಸಿ, ನಿಂತಲ್ಲಿ ಮೂಸುತ್ತದೆ, ಮೂಸಿದಲ್ಲಿ ಕೂರುತ್ತದೆ.

ಮಲೆನಾಡು ಕರಾವಳಿಯವರಿಗೆ ಮಳೆಗಾಲದ ಫಜೀತಿ ಬೇರೆ. ಒದ್ದೆ ಹುಲ್ಲಿಗೆ ಕಾಲಿಡಲು ಒಪ್ಪದ ಮರಿಗಳಿವೆ. ಮಾಡಿನ ನೀರು ಬೀಳದ ಒಂದು ಮೂಲೆಯನ್ನು ಜೂನ್‌ಗೆ ಮುಂಚೆಯೇ ಗೊತ್ತು ಮಾಡಿಡಿ. ಮಳೆ ಬಂದಾಗ ಟ್ರೇಗೆ ವಾಪಸಾದರೂ ಅದನ್ನು ಸೋಲು ಎಂದುಕೊಳ್ಳಬೇಡಿ.

## ಹಂತ 7: ಒಂದೊಂದೇ ಕೋಣೆ

ಎರಡು ವಾರ ಒಂದೂ ತಪ್ಪಿಲ್ಲದೆ ಕಳೆದರೆ ಬೇಲಿಯಾಚೆಗಿನ ಒಂದು ಕೋಣೆ ಬಿಡಿ, ಅದೂ ಆಗ ತಾನೇ ಮಾಡಿಸಿಕೊಂಡು ಬಂದ ಮೇಲೆ, ನೀವು ಅದೇ ಕೋಣೆಯಲ್ಲಿ ಇರುವಾಗ. ಆ ಕೋಣೆಯಲ್ಲಿ ಎರಡು ವಾರ ಶುಭ್ರವಾಗಿದ್ದರೆ ಮುಂದಿನದು. ತಪ್ಪಾದರೆ ಒಂದು ಕೋಣೆ ಹಿಂದಕ್ಕೆ.

ಆರು ತಿಂಗಳಿಗೆ ಹೆಚ್ಚಿನ ಮರಿಗಳು ನಂಬುವಂತಾಗುತ್ತವೆ. ಸಣ್ಣ ತಳಿಗಳು, ಪಗ್, ಷಿಟ್‌ಜು, ಪೊಮೆರೇನಿಯನ್ ಇವು ವರ್ಷದವರೆಗೂ ಎಳೆಯಬಹುದು. ಆರರಿಂದ ಒಂಬತ್ತು ತಿಂಗಳ ನಡುವೆ ಗಂಡುಮರಿ ಕಾಲೆತ್ತಿ ಮಂಚದ ಕಾಲು, ಪರದೆ, ಗೋಡೆಯ ಮೂಲೆಗೆ ಚಿಮುಕಿಸಲು ಶುರುಮಾಡಿದರೆ ಕಲಿತದ್ದನ್ನು ಮರೆಯಿತು ಎಂದಲ್ಲ, ಅದು ಗಡಿ ಗುರುತು ಹಾಕುವುದು. ಸಂತಾನಹರಣದ ಬಗ್ಗೆ ಪಶುವೈದ್ಯರನ್ನು ಕೇಳುವ ಹೊತ್ತು ಅದು. ಹಂತ 2ಕ್ಕೆ ಕೆಲವು ದಿನ ವಾಪಸು ಹೋಗಿ.

## ತರಬೇತಿ ನಿಲ್ಲಿಸಿ ಪಶುವೈದ್ಯರ ಬಳಿಗೆ ಹೋಗಬೇಕಾದ ಲಕ್ಷಣಗಳು

ಐದು ಹತ್ತು ನಿಮಿಷಕ್ಕೊಮ್ಮೆ ಕೂತು ಹನಿ ಹನಿಯಾಗಿ ಮಾಡುವುದು, ಮಾಡುವಾಗ ನರಳುವುದು, ಉಚ್ಚೆಯಲ್ಲಿ ರಕ್ತ: ಮೂತ್ರಕೋಶದ ಸೋಂಕು ಇರಬಹುದು, ಗಡಿಯಾರದಿಂದ ಗುಣವಾಗುವುದಲ್ಲ. ಕೂತು ತಿಣುಕಿದರೂ ಒಂದು ಹನಿ ಬಾರದಿದ್ದರೆ ಅದೇ ದಿನ ಹೋಗಿ. ಚೆನ್ನಾಗಿ ಕಲಿತಿದ್ದ ಮರಿ ಇದ್ದಕ್ಕಿದ್ದಂತೆ ಒಳಗೆ ಮಾಡಲು ಶುರುಮಾಡಿದರೂ ಮೊದಲು ತಪಾಸಣೆ, ಆಮೇಲೆ ತರಬೇತಿ.

ವಾಂತಿ, ಮಂಕು, ಊಟ ಬಿಡುವುದು, ರಕ್ತ ಬೆರೆತ ನಾರುವ ಭೇದಿ ಒಟ್ಟಿಗೆ ಬಂದರೆ ಪಾರ್ವೊ ಇರಬಹುದು. ಬೆಳಿಗ್ಗೆ ನೋಡೋಣ ಎನ್ನಬೇಡಿ. ಈ ರೋಗದಲ್ಲಿ ಮರಿ ಎರಡು ಮೂರು ದಿನದಲ್ಲಿ ಕೈಬಿಟ್ಟು ಹೋಗಬಹುದು.

ಒಂದು ಮಾತ್ರ ರೋಗವೂ ಅಲ್ಲ, ತಪ್ಪೂ ಅಲ್ಲ. ದಪ್ಪ ದನಿಯ ಮಾವ ಬಗ್ಗಿ ತಲೆ ಸವರಲು ಹೋದಾಗ ಮರಿ ಕಿವಿ ಹಿಂದಕ್ಕೆ ಮಡಚಿ, ನೆಲಕ್ಕಂಟಿ, ಅಲ್ಲೇ ಒದ್ದೆ ಮಾಡುತ್ತದೆ. ಅದು ಅದರ ಕೈಮುಗಿಯುವ ರೀತಿ. ಬೈದಷ್ಟೂ ಹೆಚ್ಚುತ್ತದೆ. ಮಾವನಿಗೆ ಪಕ್ಕಕ್ಕೆ ತಿರುಗಿ ಕುಕ್ಕರುಗಾಲಲ್ಲಿ ಕೂತು, ತಲೆಯ ಬದಲು ಎದೆ ಸವರಲು ಹೇಳಿ. ಬೆಳೆದಂತೆ ತಾನೇ ನಿಲ್ಲುತ್ತದೆ.

## ಮರಿಯ ಜೊತೆ ಬರುವ ಉಳಿದ ಹೊಣೆಗಳು

ಲಸಿಕೆ, ಜಂತುಮದ್ದು. ಪಾರ್ವೊ ಮತ್ತು ಡಿಸ್ಟೆಂಪರ್ (ನಾಯಿಗೆ ಬರುವ ಇನ್ನೊಂದು ಮಾರಕ ವೈರಸ್ ರೋಗ) ಒಳಗೊಂಡ ಸಂಯುಕ್ತ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರ ತುಂಬುವವರೆಗೆ ನಡೆಯುತ್ತದೆ. ಒಂದು ಸೂಜಿ ಹಾಕಿಸಿ "ವ್ಯಾಕ್ಸಿನ್ ಆಯ್ತು" ಎಂದುಕೊಂಡು ಬೀದಿಗಿಳಿಸಿದ ಮರಿಗಳೇ ಪಾರ್ವೊಗೆ ಸಿಕ್ಕುವುದು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಆಮೇಲೆ ವರ್ಷಕ್ಕೊಮ್ಮೆ. ಇಲಿಜ್ವರ ಇರುವ ಕರಾವಳಿ, ಮಲೆನಾಡಿನವರು ಲೆಪ್ಟೊಸ್ಪೈರೋಸಿಸ್ ಲಸಿಕೆ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಜಂತುಮದ್ದು ಮೂರು ತಿಂಗಳವರೆಗೆ ಹದಿನೈದು ದಿನಕ್ಕೊಮ್ಮೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಮಳೆ ಶುರುವಾದ ಮೇಲೆ ಉಣ್ಣೆ ಹತ್ತದಂತೆ ಮದ್ದು ಹಾಕಿಸಿ, ಉಣ್ಣೆಜ್ವರ ನಾಯಿಯ ರಕ್ತವನ್ನೇ ಬಸಿಯುತ್ತದೆ.

ಆಡುವಾಗ ಮರಿಯ ಹಲ್ಲು ತಾಗಿ ಚರ್ಮ ಹರಿದರೂ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. "ಮನೆ ಮರಿ ತಾನೆ" ಎಂಬ ಮಾತು ರೇಬೀಸ್ ವಿಷಯದಲ್ಲಿ ನಡೆಯುವುದಿಲ್ಲ.

ಅಡುಗೆಮನೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ, ಹಾಗಾಗಿ ಒಗ್ಗರಣೆ ಹಾಕಿದ ಸಾರು ಬೇಡ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಹಬ್ಬದ ದಿನ ಪಾಯಸದ ಪಾತ್ರೆ ನೆಕ್ಕಲು ಕೊಡುವ ಅಜ್ಜಿಗೆ ಇದನ್ನು ಮೆಲ್ಲಗೆ ತಿಳಿಸಿ. ಚಾಕೊಲೇಟ್, ಬೇಯಿಸಿದ ಕೋಳಿ ಮೂಳೆ ಎರಡೂ ಬೇಡ. ಜ್ವರ ಬಂತೆಂದು ನಿಮ್ಮ ಪ್ಯಾರಾಸಿಟಮಾಲ್ ಚೂರು ಮಾಡಿ ಕೊಡಬೇಡಿ.

ಬೀದಿ ಮತ್ತು ನೆರೆಹೊರೆ. ಪ್ರತಿ ಸಲ ಹೊರಡುವಾಗ ಜೇಬಿನಲ್ಲಿ ಎರಡು ಪೇಪರ್ ಚೀಲ. ಒಂದು ಅದಕ್ಕೆ, ಇನ್ನೊಂದು ಮೊದಲನೆಯದು ಹರಿದಾಗ. ಎತ್ತಿದ್ದನ್ನು ಚರಂಡಿಗೆ ಎಸೆಯುವುದು ಎತ್ತಿದಂತಲ್ಲ. ಲೀಶ್ ಇಲ್ಲದೆ ಬಿಡಬೇಡಿ, "ನಮ್ದು ಏನೂ ಮಾಡಲ್ಲ" ಎಂಬ ಸಮಾಧಾನ ನಾಯಿಗೆ ಹೆದರುವವರಿಗೆ ತಲುಪುವುದಿಲ್ಲ. ಸಾಕುಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯವಾಗದಂತೆ ನೋಡಿಕೊಳ್ಳದ ನಿರ್ಲಕ್ಷ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಇದೆ. ಅತ್ತ ಅಪಾರ್ಟ್‌ಮೆಂಟ್ ಸಂಘದವರು ನಾಯಿ ಸಾಕುವಂತೆಯೇ ಇಲ್ಲ, ಲಿಫ್ಟಿಗೆ ತರುವಂತಿಲ್ಲ ಎಂದು ಠರಾವು ಮಾಡಿದರೆ, ಹಾಗೆ ಸಾರಾಸಗಟು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಎರಡನ್ನೂ ಓದಿಕೊಂಡು ಸಭೆಗೆ ಹೋಗಿ. ಒಂದನ್ನೇ ಓದಿದವರು ಜಗಳಕ್ಕೆ ಬೀಳುತ್ತಾರೆ. ನಿಮ್ಮ ಪಾಲಿಕೆ ಪರವಾನಗಿ ಕೇಳುತ್ತದೆಯೇ ವಿಚಾರಿಸಿ, ರೇಬೀಸ್ ಲಸಿಕೆಯ ಪುಸ್ತಕದ ಫೋಟೊ ಮೊಬೈಲಿನಲ್ಲಿ ಇಟ್ಟುಕೊಂಡಿರಿ.

ಕೈಬಿಡುವುದು. ಸಾಕಲಾಗದೆ ಊರಾಚೆ ಬಿಟ್ಟು ಬರುವುದು ಪ್ರಾಣಿ ಹಿಂಸೆ ತಡೆ ಕಾಯ್ದೆ, 1960ರ ಪ್ರಕಾರ ಅಪರಾಧ. ವರ್ಗವಾಯಿತು, ಮಗು ಹುಟ್ಟಿತು, ಮಾಲೀಕರು ಒಪ್ಪಲಿಲ್ಲ ಎಂಬ ಕಾರಣಗಳೆಲ್ಲ ಮರಿ ತರುವ ಮುನ್ನ ಯೋಚಿಸಬಹುದಾದವೇ. ಸಂತಾನಹರಣವನ್ನು ಸುಮಾರು ಆರು ತಿಂಗಳಿನಿಂದ ಮಾಡಿಸಬಹುದು, ದೊಡ್ಡ ತಳಿಗಳಿಗೆ ಸ್ವಲ್ಪ ತಡವಾಗಿ. ಆರು ಮರಿಗಳಿಗೆ ಮನೆ ಹುಡುಕಿ ಸುಸ್ತಾದವರನ್ನು ಒಮ್ಮೆ ಮಾತಾಡಿಸಿ ನೋಡಿ.

ಊರಿಗೆ ಹೊರಟಾಗ. ದಸರಾ ರಜೆ, ಮದುವೆ, ತಿಥಿ, ಯಾವುದಕ್ಕೂ ಮರಿಯನ್ನು ಬಾಲ್ಕನಿಯಲ್ಲಿ ಎರಡು ದಿನದ ಊಟ ಸುರಿದು ಬಿಟ್ಟು ಹೋಗುವಂತಿಲ್ಲ. ಬೋರ್ಡಿಂಗ್‌ನಲ್ಲಿ ಬಿಡುವುದಾದರೆ ಮೊದಲೇ ಹೋಗಿ ನೆಲ ಮೂಸಿ ನೋಡಿ, ಲಸಿಕೆಯ ಪುಸ್ತಕ ಕೇಳದ ಕಡೆ ಬಿಡಬೇಡಿ. ನೆಂಟರ ಮನೆಗೆ ಕರೆದೊಯ್ಯುವುದಾದರೆ ಕ್ರೇಟು, ಟ್ರೇಯ ಒಂದು ತುಂಡು ಹುಲ್ಲು, ಪನೀರ್ ಡಬ್ಬಿ ಜೊತೆಗಿರಲಿ. ಹೊಸ ಮನೆ ಎಂದರೆ ಮರಿಗೆ ಹೊಸ ನೆಲ, ಒಂದನೇ ಹಂತದಿಂದಲೇ ಶುರು. ಹೋದ ಕೂಡಲೇ ಕಾಲು ತೊಳೆಯಲು ನೀರು ಕೊಡುತ್ತಾರೆ, ಕಾಫಿಗೆ ಕರೆಯುತ್ತಾರೆ. ಮೊದಲು ಅವರ ಕಾಲೊರಸು ಎತ್ತಿಡಿ.